ಗೋಡೆಗೂ ಹಣೆಗೂ ನಡುವಿನ ಕೈ

ಮೊನ್ನೆ ಬೆಳಿಗ್ಗೆ ಹಾಲು ತರಲು ಹೊರಟವನು ನಮ್ಮ ಓಣಿಯ ತಿರುವಿನಲ್ಲಿ ನಿಂತುಬಿಟ್ಟೆ. ಯಾರದೋ ಮೆರವಣಿಗೆಗೆಂದು ಬಂದಿದ್ದ ಹಲಗೆಯವರು, ಅಂದರೆ ತಮಟೆಯವರು, ಹಳೆಯ ಪೇಪರಿಗೆ ಬೆಂಕಿ ಹಚ್ಚಿ ಹಲಗೆ ಕಾಯಿಸುತ್ತಿದ್ದರು. ತೊಗಲು ಬಿಸಿಯಾಗಿ ಬಿಗಿದುಕೊಳ್ಳುವಾಗ ಕೂದಲು ಸುಟ್ಟಂಥ ಒಂದು ವಾಸನೆ ಬರುತ್ತದೆ. ಅದು ಮೂಗಿಗೆ ಬಿದ್ದದ್ದೇ ತಡ, ನನ್ನ ಬಲಗೆನ್ನೆ ಉರಿಯತೊಡಗಿತು. ಆ ಕೆನ್ನೆಗೆ ಏಟು ಬಿದ್ದು ಎಷ್ಟೋ ವರ್ಷವಾಯಿತು. ಹೊಡೆದವಳು ಆಯಾ. ನ್ಯಾಯವಾಗಿಯೇ ಹೊಡೆದಳು, ಇನ್ನೂ ನಾಲ್ಕು ಕೊಟ್ಟಿದ್ದರೂ ಕಡಿಮೆಯೇ ಆಗುತ್ತಿತ್ತು. ಹಾಲು ತರದೆ ಮನೆಗೆ ಬಂದು ಬೈಸಿಕೊಂಡು, ಇದನ್ನು ಬರೆಯಲು ಕುಳಿತಿದ್ದೇನೆ.

ನಾನು ಆಂಧ್ರದ ಗಡಿಯ ಆದೋನಿಯಲ್ಲಿ, ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿಂಗ್ ಫ್ಯಾಕ್ಟರಿಯ ಆಫೀಸಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪತ್ರ ಬರೆದವನು. ನನ್ನ ಡ್ರಾಫ್ಟಿಗೆ ಊರಲ್ಲಿ ಹೆಸರಿತ್ತು. ಹತ್ತಿ ಒದ್ದೆಯಾದರೂ ಮಳೆಯ ಮೇಲೆ ಹಾಕಿ ಬರೆಯಬಲ್ಲೆ, ಲಾರಿ ತಡವಾದರೂ ರೈಲ್ವೆ ಗೇಟಿನ ಮೇಲೆ ಹಾಕಿ ಬರೆಯಬಲ್ಲೆ. ಆ ಜಂಬ ನನಗೆ ಬಹಳ ಇತ್ತು. ರಿಟೈರಾದ ಮೇಲೆ ಮನೆಯಲ್ಲಿ ಕುಳಿತು ಹೆಂಡತಿಯ ಅಡುಗೆಗೆ ಹೆಸರಿಡುತ್ತಿದ್ದ ಕಾಲಕ್ಕೆ, ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರು ಕರೆಸಿದರು. ಆಕೆಯನ್ನು ಎಲ್ಲರೂ ಮೇಡಂ ಅನ್ನುತ್ತಿದ್ದರು. ಅವರ ಮೊಮ್ಮಗನಿಗೆ ಆಟಿಸಂ. ಅಂಥ ಮಕ್ಕಳನ್ನು ಯಾವ ಶಾಲೆಯೂ ಸೇರಿಸಿಕೊಳ್ಳದ್ದರಿಂದ ತಾವೇ ಒಂದು ಬಾಡಿಗೆ ಮನೆಯಲ್ಲಿ ಕೇಂದ್ರ ತೆರೆದಿದ್ದರು. ಹೈದರಾಬಾದಿನ ಒಂದು ಧರ್ಮಾರ್ಥ ಫೌಂಡೇಶನ್ ವರ್ಷಕ್ಕೊಮ್ಮೆ ಅನುದಾನ ಕೊಡುತ್ತಿತ್ತು. ಮನೆ ಬಾಡಿಗೆ, ಮಕ್ಕಳ ಊಟ, ಕರ್ನೂಲಿನಿಂದ ವಾರಕ್ಕೆರಡು ದಿನ ಬರುವ ಥೆರಪಿ ಹುಡುಗಿಯ ಸಂಬಳ, ಎಲ್ಲ ಅದರಿಂದಲೇ. ಅದು ನಿಂತರೆ ಮರುದಿನ ಗೇಟಿಗೆ ಬೀಗ. ಫೌಂಡೇಶನ್ನಿಗೆ ಅರ್ಜಿ, ವರದಿ ಬರೆಯುವ ಕೆಲಸ ನನ್ನದಾಯಿತು.

ಆಯಾ ನನಗಿಂತ ಮೊದಲೇ ಅಲ್ಲಿದ್ದಳು. ಸಿ. ಬೆಳಗಲ್ ಕಡೆಯ ಒಂದು ಸಣ್ಣ ಹಳ್ಳಿಯವಳು. ಗಂಡ ಹೋದ ಮೇಲೆ ಆದೋನಿಗೆ ಬಂದು ಜಿನ್ನಿಂಗಿನಲ್ಲಿ ಕೂಲಿ ಮಾಡಿ, ಹತ್ತಿಯ ಧೂಳಿಗೆ ದಮ್ಮು ಹತ್ತಿಸಿಕೊಂಡು, ಕೊನೆಗೆ ಇಲ್ಲಿಗೆ ಬಂದವಳು. ಗಿಡ್ಡ ಆಳು, ಅಗಲ ಹೆಗಲು. ದವಡೆಯಲ್ಲಿ ಸದಾ ತಂಬಾಕು. ಬೈಗುಳ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತಿತ್ತು. ಮೊಣಕೈಯಿಂದ ಮುಂಗೈವರೆಗೆ ಹಲ್ಲಿನ ಗುರುತುಗಳು, ಹಳೆಯವು ಕಪ್ಪು, ಹೊಸವು ಕೆಂಪು. ಇಂಜೆಕ್ಷನ್ ಹಾಕಿಸಿಕೋ ಎಂದು ಥೆರಪಿ ಹುಡುಗಿ ಗಂಟುಬಿದ್ದರೆ ಆಯಾ ನಗುತ್ತಿದ್ದಳು.

"ನಾಯಿ ಕಡದೈತೇನವಾ? ಕೂಸು ಕಡದೈತಿ."

ಆಕೆ ದೇವತೆ ಎಂದು ಬರೆಯಲು ನಾನು ಹೊರಟಿಲ್ಲ. ಹಾಲಿನವನ ಜೊತೆ ಜಗಳ, ಪಕ್ಕದ ಮನೆಯವರ ಜೊತೆ ಜಗಳ, ನನ್ನ ಜೊತೆಯಂತೂ ದಿನಾ ಒಂದು. ದೊಡ್ಡವರ ಮೇಲೆ ಕೈ ಎತ್ತಲು ಆಕೆಗೆ ಹಿಂದುಮುಂದು ಇರಲಿಲ್ಲ. ಒಮ್ಮೆ ಮಾರ್ಕೆಟ್ ಯಾರ್ಡಿನ ಹಮಾಲನೊಬ್ಬ ತನ್ನ ಮಗಳನ್ನು ಬಿಡಲು ಬಂದು, ಅವಳು ಒಳಗೆ ಬರಲು ಒಲ್ಲದೆ ರಚ್ಚೆ ಹಿಡಿದಾಗ ಗೇಟಿನಲ್ಲೇ ಬೆನ್ನಿಗೆ ಬಾರಿಸಿದ. ಆಯಾ ಕಸಬರಿಗೆ ತಿರುಗಿಸಿ ಹಿಡಿದು ಅವನ ಮೊಣಕಾಲಿಗೆ, ಹೆಗಲಿಗೆ, ಕೊನೆಗೆ ಬಾಯಿಗೇ ಹೊಡೆದಳು. ಕ್ವಿಂಟಾಲು ಚೀಲ ಹೊರುವ ಆಳು ತುಟಿ ಒಡೆದುಕೊಂಡು ಚರಂಡಿ ದಾಟಿ ಓಡಿದ.

"ಮನ್ಯಾಗಿಂದು ನನಗ ಗೊತ್ತಿಲ್ಲ. ಈ ಗೇಟಿನೊಳಗ ಕೂಸಿನ ಮ್ಯಾಲೆ ಕೈ ಎತ್ತಿದ್ರ ಆ ಕೈ ಮುರಿತೀನಿ, ತಿಳೀತೇನು, ತೆಲಿಸಿಂದಾ?" ಎಂದು ಇಡೀ ಓಣಿಗೆ ಕೇಳುವಂತೆ ಕೂಗಿದಳು.

ಆ ಹಮಾಲನ ಮಗಳೇ ಪದ್ದಿ. ಆಗ ಅವಳಿಗೆ ಏಳು ವರ್ಷ, ಮಾತಿಲ್ಲ. ಸದ್ದು ಅಂದರೆ ಆಗದು. ಕುಕ್ಕರು ಕೂಗಿದರೆ, ಬೀದಿಯಲ್ಲಿ ಬೈಕು ಹಾರ್ನ್ ಒತ್ತಿಹಿಡಿದರೆ, ಓಡಿಹೋಗಿ ಗೋಡೆಗೆ ಹಣೆ ಬಡಿದುಕೊಳ್ಳುತ್ತಿದ್ದಳು. ಮೆಲ್ಲಗಲ್ಲ. ಆ ಸದ್ದು ಪಕ್ಕದ ಕೋಣೆಗೆ ಕೇಳುತ್ತಿತ್ತು, ತೆಂಗಿನಕಾಯಿಯನ್ನು ಬಂಡೆಗೆ ಹಾಕಿದ ಹಾಗೆ. ಹಣೆಯ ನಡುವೆ ಗಂಟು ಕಟ್ಟಿ, ಒಡೆದು, ಮತ್ತೆ ಕಟ್ಟಿ, ಚರ್ಮ ಜಡ್ಡುಗಟ್ಟಿತ್ತು. ಹಿಡಿದುಕೊಂಡರೆ ಕಚ್ಚುತ್ತಿದ್ದಳು, ತನ್ನನ್ನೇ ಪರಚಿಕೊಳ್ಳುತ್ತಿದ್ದಳು. ಮನೆಯಲ್ಲಿ ಅವಳನ್ನು ಮಂಚದ ಕಾಲಿಗೆ ಕಟ್ಟಿರುತ್ತಿದ್ದರಂತೆ.

ಆಯಾ ಹಿಡಿಯುತ್ತಿರಲಿಲ್ಲ. ಪದ್ದಿಯ ಹಿಂದೆ ಕುಳಿತು, ಕೈ ಚಾಚಿ, ತನ್ನ ಬಲ ಅಂಗೈಯನ್ನು ಗೋಡೆಗೂ ಆ ಹಣೆಗೂ ನಡುವೆ ಇಡುತ್ತಿದ್ದಳು. ಹಣೆ ಬಂದು ಅಂಗೈಗೆ ಬಡಿಯುತ್ತಿತ್ತು, ಅಂಗೈಯ ಹಿಂಭಾಗ ಗೋಡೆಗೆ ಬಡಿಯುತ್ತಿತ್ತು. ಹತ್ತು ಏಟು, ಇಪ್ಪತ್ತು ಏಟು. ಆಮೇಲೆ ಕೈಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಗೋಡೆಯಿಂದ ಈಚೆ ತರುತ್ತಿದ್ದಳು. ಹಣೆ ಕೈಯನ್ನು ಹುಡುಕಿಕೊಂಡು ಬರುತ್ತಿತ್ತು. ಕೈ ಇಳಿದು ಇಳಿದು ಆಕೆಯ ತೊಡೆಯ ಮೇಲೆ ಬಂದಾಗ ಪದ್ದಿಯ ತಲೆಯೂ ಅಲ್ಲಿಗೇ ಬಂದಿರುತ್ತಿತ್ತು. ಈ ವಿದ್ಯೆ ಎಲ್ಲಿ ಕಲಿತೆ ಎಂದು ನಾನೊಮ್ಮೆ ಕೇಳಿದೆ.

"ಕಲಿಯೋದೇನೈತ್ರಿ ಆಚಾರ್ರ? ಆಕಿ ಗೋಡಿ ಬಿಡಂಗಿಲ್ಲ. ನಾವು ಗೋಡಿನ ಮೆತ್ತಗ ಮಾಡಬೇಕು, ಅಷ್ಟ."

ಥೆರಪಿ ಹುಡುಗಿ ಇದನ್ನು ನೋಡಿ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡಳು. ನಾನು ನನ್ನ ವರದಿಯಲ್ಲಿ ಒಂದು ಸಾಲೂ ಬರೆಯಲಿಲ್ಲ. ಹೆಬ್ಬೆಟ್ಟಿನ ಹೆಂಗಸು ಗೋಡೆಗೆ ಕೈ ಇಡುವುದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದು, ಬರೆದರೆ ಯಾರು ಓದುತ್ತಾರೆ ಎಂದುಕೊಂಡಿದ್ದೆ...

ಕೊರೊನಾ ಬರುವುದಕ್ಕೆ ಒಂದೆರಡು ವರ್ಷ ಮೊದಲು ಫೌಂಡೇಶನ್ನಿನವರು ತಾವೇ ಬಂದು ನೋಡುತ್ತೇವೆ, ನೋಡಿದ ಮೇಲೆಯೇ ಮುಂದಿನ ಮೂರು ವರ್ಷದ ಅನುದಾನ ಎಂದು ಮೇಲ್ ಕಳಿಸಿದರು. ಮೇಡಂ ಗೋಡೆಗೆ ಬಣ್ಣ ಹೊಡೆಸಿದರು. ಸ್ವಾಗತದ ಹೊಣೆ ನಾನು ಹೊತ್ತೆ. ನಮ್ಮ ಕಡೆ ದೊಡ್ಡವರು ಬಂದರೆ ಹೇಗೆ ಬರಮಾಡಿಕೊಳ್ಳುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುವುದೇ. ಮುಂದೆ ಹಲಗೆ, ಕಾಲ ಬುಡದಲ್ಲಿ ಪಟಾಕಿ ಸರ, ಕೊರಳಿಗೆ ಗಜಗಾತ್ರದ ಹಾರ, ತಲೆಗೆ ಪೇಟ. ಎಂಎಲ್‌ಎ ಬರಲಿ, ಸಾಹುಕಾರರ ಅಳಿಯ ಬರಲಿ, ಇಷ್ಟಿಲ್ಲದಿದ್ದರೆ ಬಂದವರಿಗೆ ಅವಮಾನ. ಸದ್ದು ಬೇಡವೇನೋ ಎಂದು ಮೇಡಂ ರಾಗ ಎಳೆದರು. "ಗೇಟಿನ ಹೊರಗೆ, ಐದೇ ನಿಮಿಷ" ಅಂದೆ ನಾನು. ಎರಡು ವರ್ಷ ಆ ಮಕ್ಕಳ ನಡುವೆ ಕುಳಿತು ಅವರ ಬಗ್ಗೆಯೇ ಪುಟಗಟ್ಟಲೆ ಬರೆದವನು ನಾನು. ಸದ್ದು ಸಹಿಸಲಾರರು ಎಂಬ ಮಾತನ್ನು ಪ್ರತಿ ಅರ್ಜಿಯಲ್ಲೂ ಬರೆದವನು. ಆದರೂ ಹಲಗೆ ಹೇಳಿ ಬಂದೆ. ಆಯಾಗೆ ಹೇಳಲಿಲ್ಲ, ಹೇಳಿದರೆ ಜಗಳ ತೆಗೆಯುತ್ತಾಳೆ ಎಂದು.

ಅವತ್ತು ಬೆಳಿಗ್ಗೆ ಹತ್ತಕ್ಕೆ ಆರು ಜನ ಹಲಗೆಯವರು ಗೇಟಿನ ಬಳಿ ಬೆಂಕಿ ಮಾಡಿ ಹಲಗೆ ಕಾಯಿಸಿಕೊಂಡರು. ಬಿಳಿ ಕಾರು ತಿರುವಿನಲ್ಲಿ ಕಂಡದ್ದೇ ಬಾರಿಸತೊಡಗಿದರು. ಯಾರೋ ಪಟಾಕಿ ಸರಕ್ಕೆ ಬೆಂಕಿಯಿಟ್ಟರು. ಹೊಗೆಯೊಳಗಿಂದ ಒಬ್ಬ ವಯಸ್ಸಾದವರು, ಒಬ್ಬ ಯುವ ಅಧಿಕಾರಿಣಿ ಇಳಿದರು. ನಾನು ಹಾರ ಹಿಡಿದು ಮುಂದೆ ನಿಂತವನು, ಹೂಗುಚ್ಛ ಕೊಡಲು ಮಕ್ಕಳು ಯಾಕೆ ಬರಲಿಲ್ಲ ಎಂದು ನೋಡಲು ಒಳಗೆ ಹೋದೆ.

ಒಳಗೆ ಹನ್ನೊಂದು ಮಕ್ಕಳಿದ್ದರು. ಮೇಡಂ ಮೊಮ್ಮಗ ತನ್ನ ಎರಡೂ ಕೆನ್ನೆಗಳನ್ನು ಉಗುರಿನಿಂದ ಹರಿದುಕೊಳ್ಳುತ್ತಿದ್ದ. ಒಬ್ಬ ಮೇಜಿನ ಕೆಳಗೆ ಸೇರಿ ಮೇಜಿಗೇ ತಲೆ ಹೊಡೆಯುತ್ತಿದ್ದ. ಒಬ್ಬಳು ತನ್ನ ಮುಂಗೈ ಕಚ್ಚಿ ಹಿಡಿದಿದ್ದಳು, ಬಿಡುತ್ತಿರಲಿಲ್ಲ. ಥೆರಪಿ ಹುಡುಗಿ ಯಾರನ್ನು ಹಿಡಿಯಬೇಕೆಂದು ತಿಳಿಯದೆ ಅಳುತ್ತಿದ್ದಳು. ಪದ್ದಿ ಗೋಡೆಯ ಬಳಿ ಇದ್ದಳು. ಹೊಸದಾಗಿ ಬಣ್ಣ ಬಳಿದ ಗೋಡೆಯ ಮೇಲೆ ರಕ್ತ. ಆಯಾ ಅವಳ ಹಿಂದೆ ಮೊಣಕಾಲೂರಿ ಕೈ ಇಟ್ಟಿದ್ದಳು. ಅವತ್ತಿನ ಏಟುಗಳೇ ಬೇರೆ. ಹಲಗೆಯ ಏಟಿಗೆ ಸರಿಯಾಗಿ ಹಣೆ ಬಂದು ಅಪ್ಪಳಿಸುತ್ತಿತ್ತು. ನಾನು ನೋಡುತ್ತಿದ್ದಂತೆಯೇ ಆ ಕೈಯೊಳಗೆ ಏನೋ ಲಟಕ್ಕೆಂದಿತು. ಆಯಾ ಕೂಗಿದಳು, ಕೈ ತೆಗೆಯಲಿಲ್ಲ.

ನಾನು ಹೊರಗೋಡಿ ಬಂದು ಎರಡೂ ಕೈ ಬೀಸಿದೆ, ನಿಲ್ಲಿಸಿ ಎಂದು ಕಿರುಚಿದೆ. ಹಲಗೆಯವರಿಗೆ ಏನು ಕೇಳಿಸೀತು! ಸಾಹೇಬರು ಹುರುಪಿಗೆ ಬಂದಿದ್ದಾರೆ, ಇನ್ನೂ ಬಾರಿಸಿ ಅನ್ನುತ್ತಿದ್ದಾರೆ ಎಂದುಕೊಂಡು ಕುಣಿಯುತ್ತ ಮತ್ತಷ್ಟು ಜೋರಾಗಿ ಬಡಿದರು. ಆಗ ಆಯಾ ಹೊರಗೆ ಬಂದಳು. ಬಲಗೈ ಜೋತಾಡುತ್ತಿತ್ತು. ಸೀರೆಯ ಮೇಲೆಲ್ಲ ಪದ್ದಿಯ ರಕ್ತ. ಎಡಗೈಯಲ್ಲಿ ಅಡುಗೆಮನೆಯ ಕುಡುಗೋಲು. ಮೊದಲನೆಯವನ ಹಲಗೆಯ ತೊಗಲನ್ನು ಮೇಲಿಂದ ಕೆಳಗೆ ಸೀಳಿದಳು. ಎರಡನೆಯವನದನ್ನೂ ಸೀಳಿದಳು. ಮೂರನೆಯವನು ಅಡ್ಡ ಹಿಡಿದ, ಅವನನ್ನು ಒದ್ದು ಕೆಡವಿದಳು. ಉಳಿದವರು ಓಡುವ ಗಡಿಬಿಡಿಯಲ್ಲಿ ಫೌಂಡೇಶನ್ನಿನ ಹಿರಿಯರನ್ನು ನೂಕಿಬಿಟ್ಟರು, ಅವರು ಜಲ್ಲಿಯ ಮೇಲೆ ಬಿದ್ದರು. ಆಯಾ ಕುಡುಗೋಲು ಬಿಸಾಕಿ ಸೀದಾ ನನ್ನ ಹತ್ತಿರ ಬಂದಳು. ಹಲಗೆ ಹೇಳಿದವನು ನಾನೇ ಎಂದು ಹೇಗೆ ಗೊತ್ತಾಯಿತೋ... ಎಡಗೈಯಲ್ಲಿ ಒಂದು ಕೊಟ್ಟಳು. ಕನ್ನಡಕ ಹಾರಿತು, ಬಾಯಲ್ಲಿ ಉಪ್ಪು ತುಂಬಿತು.

"ಏನ್ ಓದೀರಿ ನೀವು?" ಅಂದಳು. ಅಷ್ಟೇ.

ಫೌಂಡೇಶನ್ನಿನವರು ಕಂಡದ್ದು ಕುಡುಗೋಲು ಹಿಡಿದ ಒಬ್ಬ ಹೆಂಗಸನ್ನು, ಆಮೇಲೆ ಮುಖವೆಲ್ಲ ರಕ್ತವಾದ ಒಂದು ಮಗುವನ್ನು. ಅಧಿಕಾರಿಣಿ ಫೋನಿನಲ್ಲಿ ಫೋಟೋ ತೆಗೆದುಕೊಂಡರು. ಮೂರು ದಿನಕ್ಕೆ ಮೇಲ್ ಬಂತು. ಮಗುವಿಗೆ ಗಾಯ ಮಾಡಿದವರು ಯಾರು, ಅವರ ಮೇಲೆ ಏನು ಕ್ರಮ ಕೈಗೊಂಡಿರಿ, ಲಿಖಿತ ಉತ್ತರ ಬರುವವರೆಗೆ ಅನುದಾನ ಇಲ್ಲ.

ನಿಜ ಬರೆಯಬಹುದಿತ್ತು. ಆಟಿಸಂ ಮಕ್ಕಳ ಕೇಂದ್ರದ ಬಾಗಿಲಲ್ಲಿ ನಾವೇ ಹಲಗೆ ಹೊಡೆಸಿದೆವು, ಪಟಾಕಿ ಹಚ್ಚಿಸಿದೆವು ಎಂದು. ಹಾಗೆ ಬರೆದರೆ ಇಂಥ ದಡ್ಡರ ಕೈಗೆ ಮಕ್ಕಳನ್ನು ಯಾರು ಕೊಡುತ್ತಾರೆ? ಮೇಡಂ ಕಣ್ಣೊರೆಸಿಕೊಳ್ಳುತ್ತ, "ನೀವೇ ಏನಾದರೂ ಬರೀರಿ ಆಚಾರ್ರೆ, ಸೈನ್ ಹಾಕ್ತೀನಿ" ಅಂದರು. ಹನ್ನೊಂದು ಮಕ್ಕಳು ಒಂದು ಕಡೆ, ಒಬ್ಬ ಹೆಂಗಸು ಒಂದು ಕಡೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನನ್ನ ತಪ್ಪು ಮುಚ್ಚಿಹೋಗುತ್ತದೆ ಎಂಬ ಲೆಕ್ಕವೂ ಅದರೊಳಗೆ ಇತ್ತು, ಈಗ ಸುಳ್ಳು ಹೇಳಿ ಏನು ಮಾಡಲಿ? ಒಳ್ಳೆ ಇಂಗ್ಲಿಷಿನಲ್ಲಿ ಬರೆದೆ. ಕೇಂದ್ರದ ಆಯಾ ಕೋಪದ ಭರದಲ್ಲಿ ಮಗುವನ್ನು ಹೊಡೆದು ಗಾಯಗೊಳಿಸಿದ್ದಾಳೆ, ಮಕ್ಕಳ ಬಳಿ ಇರಲು ಯೋಗ್ಯಳಲ್ಲವಾದ್ದರಿಂದ ಅವಳನ್ನು ಕೆಲಸದಿಂದ ತೆಗೆಯಲಾಗಿದೆ. ಅದೇ ಮಾತುಗಳನ್ನು ಕೇಂದ್ರದ ಲೆಟರ್‌ಹೆಡ್ಡಿನ ಮೇಲೆ ಆಕೆಯ ಹೆಸರಿಗೂ ಬರೆದು, ಹೆಬ್ಬೆಟ್ಟು ಹಾಕಿಸಿ, ಒಂದು ಪ್ರತಿ ಹೈದರಾಬಾದಿಗೆ ಕಳಿಸಬೇಕಿತ್ತು. ಇನ್ನೊಂದು ಪ್ರತಿ ಆಕೆಗೆ.

ಆಯಾ ಬಂದಳು. ಬಲಗೈಗೆ ಹೆಬ್ಬೆರಳು ಸೇರಿ ಪ್ಲಾಸ್ಟರ್ ಹಾಕಿದ್ದರು.

"ಹಲಗಿ ಹರದದ್ದಕ್ಕ ತೆಗೀತೀರೇನ್ರಿ?"

"ಹೂಂ."

"ಆಗ್ಲಿ. ಹರದೀನಿ, ಖರೆ ಐತಿ." ಎಡಗೈ ಹೆಬ್ಬೆಟ್ಟು ಒತ್ತಿದಳು. ಕಾಗದದ ಮೇಲಿನ ದುಂಡು ಸೀಲನ್ನು ಸ್ವಲ್ಪ ಹೊತ್ತು ನೋಡಿದಳು. ನಮ್ಮ ಕಡೆ ಸೀಲಿದ್ದರೆ ಅದು ಸರ್ಟಿಫಿಕೇಟು. "ಇದು ಊರಾಗ ತೋರಿಸಿದ್ರ ಅಂಗನವಾಡ್ಯಾಗ ಕೆಲಸ ಕೊಡ್ತಾರೇನ್ರಿ? ಕೂಸುಗಳ ಕೆಲಸ ಬರತೈತಿ ಅಂತ ಬರದೀರಿಲ್ಲೋ?"

ನಾನು ತಲೆಯಾಡಿಸಿದೆ. "ಬರದೀನಿ ಆಯಾ" ಅಂದೆ. ಬಾಯಲ್ಲಿ ಹೇಗೆ ಬಂತೋ... ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡು, ಪದ್ದಿ ಇದ್ದ ಕೋಣೆಯ ಕಡೆ ಒಮ್ಮೆ ನೋಡಿ ಹೋದಳು.

ಅನುದಾನ ಬಂತು. ಗೋಡೆಗೆಲ್ಲ ದಪ್ಪ ಫೋಮ್ ಹಾಕಿಸಿದೆವು. ಪದ್ದಿ ಫೋಮ್ ಇಲ್ಲದ ಬಾಗಿಲ ಚೌಕಟ್ಟನ್ನು ಹುಡುಕಿಕೊಂಡಳು. ಆಮೇಲೆ ಬಂದ ಆಯಾಗಳು ಯಾರೂ ಆರು ತಿಂಗಳು ನಿಲ್ಲಲಿಲ್ಲ. ಬಡಿದುಕೊಂಡು ಬಡಿದುಕೊಂಡು ಹನ್ನೆರಡನೆಯ ವಯಸ್ಸಿಗೆ ಪದ್ದಿಯ ಬಲಗಣ್ಣು ಪೂರ್ತಿ ಹೋಯಿತು, ಒಳಪೊರೆ ಕಿತ್ತುಬಂದಿದೆ ಎಂದರು ಡಾಕ್ಟರು. ಹೋದ ವರ್ಷ ಎಡಗಣ್ಣೂ ಮಸುಕಾಗತೊಡಗಿದಾಗ ಅವಳ ತಾಯಿ ನಮ್ಮ ಮನೆಗೆ ಬಂದು ಕಾಲು ಹಿಡಿದಳು.

"ಆ ಆಯಾನ ಕರಕೊಂಬರ್ರಿ ಸಾಮಿ. ಮಾ ಪಾಪಕ್ಕ, ಈ ಕೂಸಿಗೆ, ಆಕಿ ಕೈ ಒಂದ ಗೊತ್ತು. ಇನ್ನೊಂದು ಕಣ್ಣರ ಉಳೀಲಿ."

ಮರುದಿನವೇ ಎಮ್ಮಿಗನೂರಿನ ಬಸ್ಸು ಹತ್ತಿದೆ. ಅಲ್ಲಿಂದ ಬೆಳಗಲ್ ಕಡೆಯ ಆಟೋ. ಮೇಡಂ ಒಪ್ಪಿದ್ದರು, ಸಂಬಳ ಹೆಚ್ಚಿಸಿದ್ದರು. ದಾರಿಯುದ್ದಕ್ಕೂ ಹೇಗೆ ಕ್ಷಮೆ ಕೇಳಬೇಕೆಂದು ಮನಸ್ಸಿನಲ್ಲೇ ಡ್ರಾಫ್ಟ್ ಮಾಡುತ್ತಿದ್ದೆ, ಬಿಟ್ಟರೆ ಇನ್ನೊಂದು ಕೆನ್ನೆಗೂ ಹೊಡೆದಾಳು ಎಂದು ನಗುತ್ತಲೂ ಇದ್ದೆ.

ಮನೆಯಲ್ಲಿ ಆಕೆಯ ಮಗಳಿದ್ದಳು. "ಅವ್ವ ಹೋಗಿ ನಾಕು ವರ್ಷಾತ್ರಿ" ಅಂದಳು. ಆದೋನಿಯ ಮಕ್ಕಳ ಕೇಂದ್ರದಿಂದ ಬಂದಿದ್ದೇನೆ ಎಂದದ್ದಕ್ಕೆ ಅವಳು ಒಳಗೆ ಹೋಗಿ ಒಂದು ಕಾಗದ ತಂದಳು. ನನ್ನದೇ ಪತ್ರ, ಅದೇ ದುಂಡು ಸೀಲು. ಆಯಾ ಅದನ್ನು ಲ್ಯಾಮಿನೇಷನ್ ಮಾಡಿಸಿದ್ದಳು. ಅಂಗನವಾಡಿಯಲ್ಲಿ ಆಯಾ ಕೆಲಸ ಖಾಲಿಯಾದಾಗ ಎಲ್ಲರಿಗಿಂತ ಮೊದಲು ಹೋಗಿ, ನನ್ನ ಹತ್ತಿರ ಸರ್ಟಿಫಿಕೇಟು ಐತಿ ಎಂದು ಇದನ್ನೇ ಕೊಟ್ಟಿದ್ದಳಂತೆ. ಇಂಗ್ಲಿಷ್ ಬಲ್ಲ ಯಾರೋ ಊರ ಮುಂದೆ ಓದಿ ಹೇಳಿದರಂತೆ.

"ಅವ್ವ ಸಾಯೋತನಕ ಒಂದ ಮಾತು ಹೇಳಿದ್ಲು, ನಾ ಹೊಡದಿಲ್ಲ ಅಂತ. ನೀವು ಅಲ್ಲಿದ್ದೋರು. ಖರೆ ಹೇಳ್ರಿ, ಹೊಡದಿದ್ಲೇನು?"

"ಇಲ್ಲವ್ವ. ಅದನ್ನ ಬರದಾವ ನಾನ. ಸುಳ್ಳು ಬರದೀನಿ."

ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ನನ್ನ ಮುಂಗೈಯನ್ನು ಮೂಳೆ ನೋಯುವಷ್ಟು ಬಿಗಿಯಾಗಿ ಹಿಡಿದು, ಎಳೆದುಕೊಂಡೇ ಹೋಗಿ, ಊರ ನಡುವೆ ಹುಣಸೆಮರದ ಕಟ್ಟೆಯ ಮೇಲೆ ಕುಳಿತಿದ್ದ ಏಳೆಂಟು ಗಂಡಸರ ಮುಂದೆ ನಿಲ್ಲಿಸಿದಳು. "ಇಲ್ಲೂ ಹೇಳ್ರಿ, ಗಟ್ಟಿಗೆ" ಅಂದಳು. ಹಲಗೆಯಿಂದ ಹಿಡಿದು ಹೆಬ್ಬೆಟ್ಟಿನವರೆಗೆ ಎಲ್ಲ ಹೇಳಿದೆ. ನಡುವೆ ಎರಡು ಸಲ ನಿಲ್ಲಿಸಿದೆ, ಎರಡು ಸಲವೂ ಅವಳು ಕೈ ಜಗ್ಗಿದಳು.

ಅವರಲ್ಲಿ ಎಲ್ಲರಿಗಿಂತ ದೊಡ್ಡವನು, ಬಿಳಿ ಮೀಸೆಯವನು, ಎದ್ದು ನಿಂತ.

"ಅಂದ್ರ ಆಕಿ ಕೂಸಿನ್ನ ಹೊಡೀಲೇ ಇಲ್ಲೇನು?"

"ಇಲ್ಲ. ಎಂದೂ ಹೊಡದಿಲ್ಲ."

"ಮತ್ತ ನನ್ನ ಮೊಮ್ಮಗ ಆಕಿ ಮನಿ ಮುಂದ ಬಿದ್ದು ಹಲ್ಲು ಮುರಕೊಂಡಾಗ... ಈಕೀನೇ ಹೊಡದಾಳ, ಕಾಗದದಾಗ ಬರದೈತಲ್ಲ ಅಂತ..." ಅವನು ನಮ್ಮಿಬ್ಬರನ್ನೂ ನೋಡುತ್ತಿರಲಿಲ್ಲ, ಎದುರಿನ ಕರೆಂಟ್ ಕಂಬವನ್ನು ನೋಡುತ್ತಿದ್ದ. "ಹಂಗಾರ ಅವತ್ತು ನಾವು..."

"ಮುಗಸು ಮಾವ" ಅಂದಳು ಮಗಳು. "ಆ ಕಂಬಕ್ಕ ಕಟ್ಟಿ ಏನು ಮಾಡಿದ್ರಿ, ಅದನ್ನೂ ಹೇಳು. ಇವರೂ ಕೇಳ್ಲಿ."

ಅವನು ಹೇಳಿದ. ಎಷ್ಟು ಜನ, ಯಾವುದರಿಂದ, ಎಷ್ಟು ಹೊತ್ತು. ಮುರಿದು ಸೊಟ್ಟಗೆ ಕೂಡಿಕೊಂಡಿದ್ದ ಆ ಬಲಗೈಯನ್ನೇ ಹುಡುಕಿ ಹುಡುಕಿ ಹೊಡೆದರಂತೆ, ಕೂಸಿಗೆ ಹೊಡೆದ ಕೈ ಅದು ಎಂದು. ಅದಾದ ಮೇಲೆ ಆಯಾ ಮನೆ ಬಿಟ್ಟು ಹೊರಗೆ ಬರಲಿಲ್ಲ. ಮಗಳು ತನ್ನ ಕೂಸನ್ನು ತೊಡೆಯ ಮೇಲೆ ಹಾಕಲು ಹೋದರೆ, ಬೇಡ ಒಯ್ಯಿ, ಯಾರಾದರೂ ನೋಡ್ಯಾರು ಎಂದು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳಂತೆ. ಹಾಗೇ ಒಂದು ವರ್ಷ ಇದ್ದು ಹೋದಳು.

ಫೌಂಡೇಶನ್ನಿಗೆ ನಾನು ಎಲ್ಲ ಬರೆದು ಕಳಿಸಿದೆ. ಹಳೆಯ ವಿಷಯ, ಆಗಿನವರು ಈಗ ಯಾರೂ ಇಲ್ಲ, ಫೈಲು ಮುಗಿದಿದೆ ಎಂದು ಉತ್ತರ ಬಂತು. ಕೇಂದ್ರ ನಡೆಯುತ್ತಿದೆ, ಈಗ ಹತ್ತೊಂಬತ್ತು ಮಕ್ಕಳಿದ್ದಾರೆ. ನಾನು ಅಲ್ಲಿಗೆ ಹೋಗುವುದನ್ನು ಬಿಟ್ಟಿದ್ದೇನೆ. ಅವತ್ತು ಹಳ್ಳಿಯಿಂದ ವಾಪಸ್ಸು ಬಂದಾಗ ಪದ್ದಿಯ ತಾಯಿ ಮಗಳನ್ನು ಕರೆದುಕೊಂಡು ಬಸ್‌ಸ್ಟ್ಯಾಂಡಿನಲ್ಲೇ ಕಾಯುತ್ತಿದ್ದಳು, ತಲೆ ಬಾಚಿ ಹೂ ಮುಡಿಸಿದ್ದಳು. ಬಸ್ಸಿನಿಂದ ಎಲ್ಲರೂ ಇಳಿಯುವವರೆಗೆ ನನ್ನ ಹಿಂದೆಯೇ ನೋಡುತ್ತ ನಿಂತಿದ್ದಳು. ಆಮೇಲೆ ನನ್ನ ಮುಖ ನೋಡಿ, ಮಗಳ ಕೈ ಹಿಡಿದುಕೊಂಡು ಮನೆಯ ಕಡೆ ನಡೆದಳು.